ಏಳಲ್ವೋ, ನಿಲ್ಲಲ್ವೋ?

ಟ್ರ್ಯಾಕ್ಟರಿನ ಲಿಫ್ಟ್ ಕೆಟ್ಟಿದೆ ಅಂತ ಯಾರೇ ಫೋನ್ ಮಾಡಲಿ, ನಮ್ಮಪ್ಪ ಮೊದಲು ಕೇಳೋದು ಒಂದೇ ಪ್ರಶ್ನೆ: "ಏಳಲ್ವೋ, ನಿಲ್ಲಲ್ವೋ?" ಯಾವ ಕಂಪನಿಯದು, ಯಾವ ವರ್ಷದ್ದು, ಎಷ್ಟು ದಿನದಿಂದ ಹೀಗಿದೆ ಅನ್ನೋದೆಲ್ಲ ಆಮೇಲೆ. ಈ ಎರಡರಲ್ಲಿ ಯಾವುದು ಅಂತ ಗೊತ್ತಾಗೋವರೆಗೆ ಅವರು ಸ್ಪ್ಯಾನರ್ ಮುಟ್ಟಲ್ಲ, ಬೇರೆಯವರಿಗೂ ಮುಟ್ಟೋಕೆ ಬಿಡಲ್ಲ.

ಈ ಸಲದ ಬರಹ ಆ ಎರಡು ಪದಗಳ ಬಗ್ಗೆ, ಮತ್ತೆ ಸಿಡ್ನಿಯ ಹೊರವಲಯದಲ್ಲಿ ನಮ್ಮ ಅಕ್ಕ-ಭಾವನ ಹತ್ತಿರ ಇರೋ ಒಂದು ಹಳೇ ಮ್ಯಾಸಿ ಫರ್ಗ್ಯುಸನ್ 35 ಟ್ರ್ಯಾಕ್ಟರಿನ ಬಗ್ಗೆ. ನಿಮ್ಮಲ್ಲಿ ಬಹಳ ಜನ ಟ್ರ್ಯಾಕ್ಟರ್ ಓಡಿಸಿರಲಿಕ್ಕಿಲ್ಲ. ಪರವಾಗಿಲ್ಲ. ನಾನೂ ಮೆಲ್ಬರ್ನಿನ ಒಂದು ಆಫೀಸಿನಲ್ಲಿ ದಿನವಿಡೀ ಡೇಟಾ ನೋಡುವವಳು. ಆದರೆ ಮನೇಲಿ ಒಂದು ಭಾಷೆ, ಹೊರಗೆ ಇನ್ನೊಂದು ಭಾಷೆ ಅಂತ ಬದುಕೋ ನಮ್ಮಂಥವರಿಗೆ ಈ ರಿಪೇರಿಯಲ್ಲಿ ಕೆಲಸಕ್ಕೆ ಬರೋ ವಿಷಯ ಒಂದಿದೆ.

ಮೊದಲು ಲಿಫ್ಟ್ ಅಂದರೆ ಏನು ಅಂತ ಹೇಳಿಬಿಡ್ತೀನಿ. ಟ್ರ್ಯಾಕ್ಟರಿನ ಹಿಂದೆ ಎರಡು ಕಬ್ಬಿಣದ ತೋಳು ಇರುತ್ತವೆ. ಅವುಗಳ ನಡುವೆ, ಸ್ವಲ್ಪ ಮೇಲೆ, ಟಾಪ್ ಲಿಂಕ್ ಅನ್ನೋ ಒಂದು ಸರಳು. ನೇಗಿಲೋ ಕಲ್ಟಿವೇಟರೋ ಹುಲ್ಲು ಕತ್ತರಿಸೋ ಸ್ಲಾಷರೋ ಈ ಮೂರು ಕಡೆ ಸಿಕ್ಕಿಕೊಳ್ಳುತ್ತೆ. ಸೀಟಿನ ಪಕ್ಕದ ಲಿವರ್ ಎಳೆದರೆ ಎಣ್ಣೆಯ ಒತ್ತಡದಿಂದ ತೋಳುಗಳು ಮೇಲೇಳುತ್ತವೆ, ಅವುಗಳ ಜೊತೆ ನೇಗಿಲೂ ಏಳುತ್ತೆ.

ಈ ವ್ಯವಸ್ಥೆಯನ್ನು ಬಳಕೆಗೆ ತಂದವರು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. 1938ರಲ್ಲಿ ಅವರು ಅಮೆರಿಕದ ಹೆನ್ರಿ ಫೋರ್ಡ್ ಜೊತೆ ಬರೀ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು, ಕಾಗದ ಪತ್ರ ಇಲ್ಲ. ಮುಂದೆ ಅದು ಮುರಿದು ಕೋರ್ಟಿಗೆ ಹೋಯ್ತು. 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿ ಆಯ್ತು. ಅಷ್ಟರಲ್ಲಿ ಫರ್ಗ್ಯುಸನ್ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಟಿಇ20 ಅನ್ನೋ ಸಣ್ಣ ಬೂದು ಬಣ್ಣದ ಟ್ರ್ಯಾಕ್ಟರ್ ಮಾಡಿಸೋಕೆ ಶುರು ಮಾಡಿದ್ದರು. 1946ರಿಂದ 1956ರವರೆಗೆ 5 ಲಕ್ಷಕ್ಕೂ ಹೆಚ್ಚು ತಯಾರಾದವು. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ 1958ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಟ್ರ್ಯಾಕ್ಟರುಗಳಲ್ಲಿ. ಆಸ್ಟ್ರೇಲಿಯಾದ ಹಳ್ಳಿ ಕಡೆ ಇವತ್ತಿಗೂ "ಗ್ರೇ ಫರ್ಗಿ" ಅಂದರೆ ವಯಸ್ಸಾದವರ ಮುಖ ಅರಳುತ್ತೆ.

1953ರಲ್ಲಿ ಫರ್ಗ್ಯುಸನ್ ಕಂಪನಿ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. ಆಮೇಲೆ ಬಂದಿದ್ದು ಮ್ಯಾಸಿ ಫರ್ಗ್ಯುಸನ್ 35. ಇನ್ನೊಂದು ಕಡೆ 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಕಂಪನಿ ಹುಟ್ಟಿ, ಮ್ಯಾಸಿ ಟ್ರ್ಯಾಕ್ಟರುಗಳನ್ನು ನಮ್ಮಲ್ಲೇ ತಯಾರು ಮಾಡೋಕೆ ಶುರು ಮಾಡಿತು. ನಮ್ಮ ದೊಡ್ಡಬಳ್ಳಾಪುರದಲ್ಲೂ ಅವರ ಕಾರ್ಖಾನೆ ಇದೆ. ಕರ್ನಾಟಕದ ರೈತರು "ಮ್ಯಾಸಿ" ಅಂತ ಕರೆಯೋ ಆ ಕೆಂಪು 1035 ಇದೇ 35ರ ವಂಶದ್ದು. ಅಪ್ಪ ತುರುವೇಕೆರೆ ಹತ್ತಿರದ ನಮ್ಮ ಊರಿನಲ್ಲಿ ಒಂದು 1035 ಇಟ್ಟುಕೊಂಡು ಇಪ್ಪತ್ತೆರಡು ವರ್ಷ ತೆಂಗಿನ ತೋಟ, ರಾಗಿ ಹೊಲ ಉತ್ತವರು. ಮಂಡಿ ನೋವು ಜಾಸ್ತಿ ಆದಮೇಲೆ ಎರಡು ವರ್ಷದ ಹಿಂದೆ ಅದನ್ನು ಮಾರಿದರು. ಮಾರಿದ ದಿನ ಏನೂ ಮಾತಾಡಲಿಲ್ಲ ಅಂತ ಅಮ್ಮ ಹೇಳಿದ್ದರು.

ಕಳೆದ ವರ್ಷ ಆಗಸ್ಟಿನಲ್ಲಿ ಅಪ್ಪ ಮೂರು ತಿಂಗಳ ವಿಸಿಟರ್ ವೀಸಾದಲ್ಲಿ ಬಂದರು. ಅಪ್ಪ ಅಮ್ಮನನ್ನು ಕರೆಸಿಕೊಂಡವರಿಗೆ ಇದು ಗೊತ್ತಿರುತ್ತೆ: ಮೊದಲ ವಾರ ಎಲ್ಲ ಹೊಸದು, ಎರಡನೇ ವಾರದಿಂದ ಕಿಟಕಿ. ಮೆಲ್ಬರ್ನಿನ ಪಶ್ಚಿಮಕ್ಕಿರೋ ಟಾರ್ನೀಟಿನಲ್ಲಿ ನಮ್ಮ ಮನೆ. ಅಪ್ಪ ಬೆಳಿಗ್ಗೆ ಆರಕ್ಕೆ ಎದ್ದು, ಕಾಫಿ ಕುಡಿದು, ಎದುರು ಮನೆಯವರ ಬಿನ್ ಯಾವಾಗ ಹೊರಗೆ ಬರುತ್ತೆ ಅಂತ ನೋಡ್ತಾ ಕೂರೋರು. ಇಂಗ್ಲಿಷ್ ಬರಲ್ಲ, ಕಾರು ಬಿಡೋ ಹಾಗಿಲ್ಲ. "ಇಲ್ಲಿ ನಂದೇನು ಕೆಲ್ಸ ಐತವ್ವ?" ಅಂತ ಒಂದು ದಿನ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಶನಿವಾರ ಅವರನ್ನು ರೈಲಿನಲ್ಲಿ ಸಿಟಿಗೆ ಕರಕೊಂಡು ಹೋದೆ. ದಾರಿಯಲ್ಲಿ ಸನ್‌ಶೈನ್ ಸ್ಟೇಷನ್ ಬರುತ್ತೆ. ಆ ಊರಿಗೆ ಆ ಹೆಸರು ಬಂದಿದ್ದೇ ಒಂದು ಕೊಯ್ಲು ಯಂತ್ರದಿಂದ. ಹ್ಯೂ ವಿಕ್ಟರ್ ಮೆಕೇ ಅನ್ನೋರು ತಮ್ಮ "ಸನ್‌ಶೈನ್ ಹಾರ್ವೆಸ್ಟರ್" ಕಾರ್ಖಾನೆಯನ್ನು ಅಲ್ಲಿಗೆ ತಂದರು. ಬ್ರೇಬ್ರೂಕ್ ಜಂಕ್ಷನ್ ಅಂತಿದ್ದ ಊರು 1907ರಲ್ಲಿ ಸನ್‌ಶೈನ್ ಆಯ್ತು. ಅದೇ ವರ್ಷ ಅದೇ ಕಾರ್ಖಾನೆಯ ವಿಷಯದಲ್ಲಿ ನ್ಯಾಯಮೂರ್ತಿ ಹಿಗ್ಗಿನ್ಸ್ ಒಂದು ತೀರ್ಪು ಕೊಟ್ಟರು: ಕೂಲಿಯವನ ಸಂಬಳ ಅವನು, ಅವನ ಹೆಂಡತಿ, ಮೂರು ಮಕ್ಕಳು ಮರ್ಯಾದೆಯಿಂದ ಬದುಕೋಕೆ ಸಾಕಾಗಬೇಕು, ದಿನಕ್ಕೆ 7 ಶಿಲಿಂಗ್. ಆಸ್ಟ್ರೇಲಿಯಾದ ಕನಿಷ್ಠ ಕೂಲಿಯ ಕತೆ ಶುರುವಾಗೋದು ಅಲ್ಲಿಂದ. 1950ರ ದಶಕದಲ್ಲಿ ಆ ಕಾರ್ಖಾನೆ ಮ್ಯಾಸಿಯವರ ಕೈಗೆ ಬಂತು. ಅಪ್ಪ ಕಿಟಕಿಯಿಂದ ಬಗ್ಗಿ ನೋಡಿ, "ಈಗೆಲ್ಲೈತೆ ಫ್ಯಾಕ್ಟ್ರಿ?" ಅಂದರು. ಅದರ ಜಾಗದಲ್ಲಿ ಈಗ ಶಾಪಿಂಗ್ ಸೆಂಟರ್ ಇದೆ ಅಂದೆ. "ಹಂಗಾರೆ ರಿಪೇರಿ ಮಾಡೋರೂ ಹೋಗಿರ್ತಾರೆ" ಅಂದರು.

ಅಕ್ಕನ ಫೋನ್ ಬಂದಿದ್ದು ಮಾರನೇ ವಾರ, ಸೆಪ್ಟೆಂಬರ್ ಮಧ್ಯದಲ್ಲಿ. ಅಕ್ಕ-ಭಾವ ಇರೋದು ಸಿಡ್ನಿಯ ವಾಯವ್ಯಕ್ಕೆ, ವಿಂಡ್ಸರ್ ದಾಟಿ ಹಾಕ್ಸ್‌ಬರಿ ನದಿಯ ಕಡೆ. ಐದು ಎಕರೆ ಜಾಗ, ಒಂದು ಮನೆ, ಒಂದು ಶೆಡ್ಡು. ಭಾವ ಬೆಂಗಳೂರಲ್ಲಿ ಬೆಳೆದವರು, ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ. ಜಾಗದ ಜೊತೆ ಹಳೇ ಯಜಮಾನರಿಂದ ಈ ಮ್ಯಾಸಿ 35, ಒಂದು ಸ್ಲಾಷರ್ ಕೂಡ ಕೊಂಡಿದ್ದರು. ವರ್ಷಕ್ಕೆ ನಾಲ್ಕೈದು ಸಲ ಹುಲ್ಲು ಕತ್ತರಿಸೋದಷ್ಟೇ ಅದಕ್ಕೆ ಕೆಲಸ.

ಆದರೆ ಆ ಕೆಲಸ ಸಣ್ಣದಲ್ಲ. ನ್ಯೂ ಸೌತ್ ವೇಲ್ಸಿನಲ್ಲಿ ಕಾಡ್ಗಿಚ್ಚಿನ ಕಾಲ ಅಂತ ಕಾನೂನು ಹೇಳೋದು ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ. 2019ರ ಕೊನೆಯಲ್ಲಿ ಅದೇ ಭಾಗದ ಬೆಟ್ಟಗಳಲ್ಲಿ ಸಿಡಿಲಿಗೆ ಹೊತ್ತಿಕೊಂಡ ಗಾಸ್ಪರ್ಸ್ ಮೌಂಟನ್ ಬೆಂಕಿ 5 ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡನ್ನು ಸುಟ್ಟಿತ್ತು. ಆಗ ಅಕ್ಕನ ಮನೆಯಿಂದ ಆಕಾಶ ಕಿತ್ತಳೆ ಬಣ್ಣಕ್ಕೆ ಕಾಣ್ತಿತ್ತು. ಅವತ್ತಿನಿಂದ ಬೇಸಿಗೆಗೆ ಮುಂಚೆ ಮನೆ ಸುತ್ತಲಿನ ಹುಲ್ಲು ಸೊಂಟದೆತ್ತರ ಇರೋದನ್ನ ಅಕ್ಕ ಸಹಿಸಲ್ಲ. ಈ ಸಲ ಹುಲ್ಲು ಸೊಂಟಕ್ಕೆ ಬಂದಿತ್ತು, ಲಿಫ್ಟ್ ಕೈಕೊಟ್ಟಿತ್ತು.

ಅಪ್ಪ ಫೋನ್ ಇಸಕೊಂಡು ಕೇಳಿದರು: "ಅಳಿಯಂದ್ರೇ, ಏಳಲ್ವೋ, ನಿಲ್ಲಲ್ವೋ?"

"ಏಳುತ್ತೆ ಮಾವ, ನಿಲ್ಲಲ್ಲ" ಅಂದರು ಭಾವ.

ಪಕ್ಕದಲ್ಲಿ ಅಕ್ಕನ ಮಗಳು ಕೇಳಿಸಿಕೊಳ್ತಿದ್ದಳು. ಹದಿನೈದು ವರ್ಷ, ಹುಟ್ಟಿದ್ದು ಸಿಡ್ನಿಯಲ್ಲಿ, ಕನ್ನಡ ಚೆನ್ನಾಗಿ ಅರ್ಥ ಆಗುತ್ತೆ. ಅಪ್ಪ-ಅಮ್ಮ ಇಬ್ಬರೂ ಕೆಲಸದಲ್ಲಿರೋದರಿಂದ ವರ್ಕ್‌ಶಾಪಿಗೆ ಮೆಸೇಜ್ ಕಳಿಸೋ ಕೆಲಸ ಅವಳದ್ದು. ಅವಳು ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು: ಲಿಫ್ಟ್ ಮೇಲೆ ಹೋಗುತ್ತೆ, ಆದರೆ "ಡಸಂಟ್ ಸ್ಟಾಪ್".

ನೀವು ಕನ್ನಡವನ್ನ ಮನೆಯಲ್ಲಿ ಕೇಳಿ ಕಲಿತವರಾದರೆ ಇಲ್ಲಿ ಒಂದು ಕ್ಷಣ ನಿಂತು ನೋಡಿ. "ಬಸ್ಸು ನಿಲ್ತು" ಅಂದರೆ ಓಡೋದು ಮುಗೀತು. "ಮಳೆ ನಿಲ್ತು" ಅಂದರೆ ಇನ್ನು ಮಳೆ ಇಲ್ಲ. ಆದರೆ "ರಸ್ತೇಲಿ ನೀರು ನಿಲ್ತು" ಅಂದರೆ ನೀರು ಹೋಗದೆ ಅಲ್ಲೇ ಉಳೀತು. ಒಂದರಲ್ಲಿ ಇದ್ದಿದ್ದು ಇಲ್ಲವಾಗುತ್ತೆ, ಇನ್ನೊಂದರಲ್ಲಿ ಇದ್ದಲ್ಲೇ ಉಳಿಯುತ್ತೆ. ಪದ ಒಂದೇ. ನಮ್ಮ ಹುಡುಗಿ ಶಾಲೆಗೆ ಹೋಗೋ ಬಸ್ಸಿನ "ನಿಲ್ಲು" ಗೊತ್ತಿದ್ದವಳು. ತಾತ ಕೇಳಿದ್ದು ಕೆರೆಯ ನೀರಿನ "ನಿಲ್ಲು".

ವರ್ಕ್‌ಶಾಪಿನವರು ಬಂದ ಮಾತನ್ನು ನಂಬಿ ಸರಿಯಾಗೇ ಯೋಚಿಸಿದರು. ತೋಳು ಮೇಲೆ ಹೋಗಿ ನಿಲ್ಲದೆ ಇನ್ನೂ ಏರೋಕೆ ನೋಡ್ತಿದೆ ಅಂದರೆ ಎಣ್ಣೆಯನ್ನು ತಡೆಯೋ ಕಂಟ್ರೋಲ್ ವಾಲ್ವ್ ಸಿಕ್ಕಿಕೊಂಡಿರಬೇಕು. ಈ ಟ್ರ್ಯಾಕ್ಟರಿನಲ್ಲಿ ಆ ವಾಲ್ವ್ ಇರೋದು ಪಂಪಿನ ಒಳಗೆ. ಪಂಪು ಇರೋದು ಗೇರ್‌ಬಾಕ್ಸಿನ ಹಿಂದೆ, ಎಣ್ಣೆಯಲ್ಲಿ ಮುಳುಗಿಕೊಂಡು. ಹೊರಗೆ ತೆಗೀಬೇಕಾದರೆ ಸೀಟು, ಲಿಫ್ಟ್ ಕವರ್ ಎಲ್ಲ ಬಿಚ್ಚಬೇಕು. ಪಂಪ್ ಬದಲಾಯಿಸೋಣ ಅಂತ ಅವರು ಹೇಳಿದ ದುಡ್ಡು, ಭಾವ ಆ ಟ್ರ್ಯಾಕ್ಟರಿಗೆ ಕೊಟ್ಟಿದ್ದರ ಅರ್ಧಕ್ಕಿಂತ ಜಾಸ್ತಿ. ಅದೂ ನವೆಂಬರಿಗೆ ಮುಂಚೆ ಆಗಲ್ಲ. ಭಾವ ಟ್ರ್ಯಾಕ್ಟರನ್ನೇ ಮಾರಿಬಿಡೋಣ ಅಂದರು.

ಆ ಅಂದಾಜನ್ನು ನಾನು ಅಪ್ಪನಿಗೆ ಓದಿ ಹೇಳಿದೆ. ಅವರು ಎರಡು ಸಲ ಕೇಳಿಸಿಕೊಂಡರು. "ನಿಲ್ಲಲ್ಲ ಅಂದ್ರೆ ಪಂಪ್ ಯಾಕೆ ಬದಲಾಯಿಸ್ತಾರವ್ವ? ಬಾವಿ ಮೋಟ್ರಿಂದು ಫುಟ್‌ವಾಲ್ವ್ ಸೋರಿದ್ರೆ ಪೈಪ್‌ನಾಗೆ ನೀರು ನಿಲ್ಲಲ್ಲ. ಅದಕ್ಕೆ ಮೋಟ್ರು ಬದಲಾಯಿಸ್ತಾರಾ?" ಮೂರು ವಾರದಲ್ಲಿ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಶುಕ್ರವಾರ ರಜೆ ಹಾಕಿ ಇಬ್ಬರೂ ಕಾರಿನಲ್ಲಿ ಹೊರಟೆವು. ಹ್ಯೂಮ್ ಹೈವೇಯಲ್ಲಿ ಸುಮಾರು 900 ಕಿಲೋಮೀಟರ್.

ಇನ್ನು ಮುಂದೆ ಹೇಳೋದು ಅಪ್ಪ ಪರೀಕ್ಷೆ ಮಾಡಿದ ಕ್ರಮ. ನಿಮ್ಮ ಹತ್ತಿರವೋ ನಿಮ್ಮ ಊರಿನಲ್ಲೋ ಹಳೇ ಮ್ಯಾಸಿ ಇದ್ದರೆ ಇದನ್ನು ಹಾಗೇ ಬಳಸಬಹುದು. ನಾವು ಆಫೀಸಿನಲ್ಲಿ ಮಾಡೋದೂ ಇಷ್ಟೇ: ಖರ್ಚಿಲ್ಲದ ಪರೀಕ್ಷೆ ಮೊದಲು, ಪ್ರತಿ ಪರೀಕ್ಷೆಯೂ ಅನುಮಾನದ ಪಟ್ಟಿಯನ್ನು ಅರ್ಧ ಮಾಡಬೇಕು.

ಒಂದನೇದು ಎಣ್ಣೆ. ಈ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹಿಂದಿನ ಆಕ್ಸಲ್‌ಗೂ ಲಿಫ್ಟಿಗೂ ಒಂದೇ ಎಣ್ಣೆ. ಕಮ್ಮಿ ಇದ್ದರೆ ಪಂಪು ಗಾಳಿ ಎಳೀತದೆ, ತೋಳು ಏಳಲ್ಲ, ಇಲ್ಲಾ ಜಗ್ಗಿ ಜಗ್ಗಿ ಏಳುತ್ತೆ. ಅಳತೆ ಕಡ್ಡಿಯಲ್ಲಿ ಮಟ್ಟ ಸರಿಯಾಗಿತ್ತು, ಆದರೆ ಬಣ್ಣ ಹಾಲು ಹಾಕಿದ ಟೀ ಥರ. ಅಂದರೆ ನೀರು ಸೇರಿದೆ. ಮಳೆಯಲ್ಲಿ ನಿಂತ ಗಾಡಿಗೆ ಗೇರ್ ಲಿವರಿನ ಬುಡದ ರಬ್ಬರ್ ಹರಿದರೆ ಹೀಗಾಗುತ್ತೆ. "ಎಣ್ಣೆ ಹೆಂಗಿದ್ರೂ ಬದಲಾಯಿಸ್ಬೇಕು. ಆದ್ರೆ ಕಾಯಿಲೆ ಇದೊಂದೇ ಅಲ್ಲ" ಅಂದರು.

ಎರಡನೇದು ಲಿವರುಗಳು. ಮ್ಯಾಸಿ 35ರಲ್ಲಿ ಎರಡಿವೆ. ಒಂದು ಡ್ರಾಫ್ಟ್, ಅಂದರೆ ನೆಲ ಗಟ್ಟಿಯಾದಾಗ ನೇಗಿಲು ತಾನಾಗೇ ಸ್ವಲ್ಪ ಮೇಲೇಳೋಕೆ. ಇನ್ನೊಂದು ಪೊಸಿಷನ್, ಅಂದರೆ ಇಟ್ಟ ಎತ್ತರದಲ್ಲೇ ಇರೋಕೆ. ಸ್ಲಾಷರಿಗೆ ಬೇಕಾಗೋದು ಪೊಸಿಷನ್. ತಪ್ಪು ಲಿವರ್ ಎಳೆದು ಲಿಫ್ಟ್ ಕೆಟ್ಟಿದೆ ಅನ್ನೋರು ಬಹಳ ಜನ ಅಂತೆ. ಭಾವ ಎಳೀತಿದ್ದದ್ದು ಸರಿಯಾದ್ದೇ. ನಿಮ್ಮದು ಇನ್ನೂ ಹಳೇ ಟಿಇ20 ಆಗಿದ್ದರೆ ಇನ್ನೊಂದು ನೋಡಿ: ಅದರಲ್ಲಿ ಪಿಟಿಒ ಲಿವರ್ ಹಾಕಿದ್ದರೆ ಮಾತ್ರ ಲಿಫ್ಟಿನ ಪಂಪು ತಿರುಗುತ್ತೆ, ಕ್ಲಚ್ ತುಳಿದರೆ ಪಂಪೂ ನಿಲ್ಲುತ್ತೆ. ಏನೂ ಕೆಡದ ಎಷ್ಟೋ ಫರ್ಗಿಗಳು ಈ ಕಾರಣಕ್ಕೆ "ಏಳಲ್ಲ" ಅನ್ನಿಸಿಕೊಂಡಿವೆ.

ಮೂರನೇದು ಭಾರ. ಬರೀ ತೋಳು ಏಳುತ್ತಾ, ಭಾರ ಹಾಕಿದರೂ ಏಳುತ್ತಾ? ಬರೀ ತೋಳೂ ಏಳದಿದ್ದರೆ ಪಂಪಿಗೆ ಎಣ್ಣೆ ಬರ್ತಿಲ್ಲ, ಇಲ್ಲಾ ಒಳಗಿನ ವಾಲ್ವಿನ ಕೊಂಡಿ ತಪ್ಪಿದೆ. ಖಾಲಿ ಎದ್ದು ಭಾರಕ್ಕೆ ಏಳದಿದ್ದರೆ ಒತ್ತಡ ಎಲ್ಲೋ ಪೋಲಾಗ್ತಿದೆ. ಅಕ್ಕನ ಮ್ಯಾಸಿ ಸ್ಲಾಷರನ್ನ ಸಲೀಸಾಗಿ ಎತ್ತಿತು. ಅಲ್ಲಿಗೆ ಪಂಪಿನ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯ್ತು.

ನಾಲ್ಕನೇದು ಎಂಜಿನ್ ಆಫ್ ಮಾಡಿ ನೋಡೋದು. ಎತ್ತಿ, ಆಫ್ ಮಾಡಿ, ಗಡಿಯಾರ ನೋಡ್ತಾ ನಿಂತೆವು. ಹತ್ತು ನಿಮಿಷದಲ್ಲಿ ಸ್ಲಾಷರ್ ಪೂರ್ತಿ ಕೆಳಗೆ ಬಂತು. ಎಂಜಿನ್ ಓಡುವಾಗ ಬೇರೆ ಥರ: ತೋಳು ಸ್ವಲ್ಪ ಕುಸಿಯುತ್ತೆ, ತಟ್ಟನೆ ಮೇಲೇಳುತ್ತೆ, ಮತ್ತೆ ಕುಸಿಯುತ್ತೆ, ಕೂತಲ್ಲೇ ತೂಕಡಿಸೋರ ತಲೆ ಥರ. ಭಾವ ಇದನ್ನು ಎರಡನೇ ಕಾಯಿಲೆ ಅಂದುಕೊಂಡಿದ್ದರು. ಅಪ್ಪ ಹೇಳಿದರು, ಎರಡೂ ಒಂದೇ. ಸೋರಿದಷ್ಟು ತೋಳು ಇಳಿಯುತ್ತೆ, ಇಳಿದಿದ್ದು ಗೊತ್ತಾಗಿ ಪಂಪು ಮತ್ತೆ ಎತ್ತುತ್ತೆ. ಎಂಜಿನ್ ಇಲ್ಲದಿದ್ದರೆ ಎತ್ತೋರಿಲ್ಲ, ಅದಕ್ಕೆ ಇಳಿದುಬಿಡುತ್ತೆ.

ಇಲ್ಲಿ ಫರ್ಗ್ಯುಸನ್ನರ ಒಂದು ಜಾಣತನ ಹೇಳಬೇಕು. ಇದರ ಕಂಟ್ರೋಲ್ ವಾಲ್ವ್ ಇರೋದು ಪಂಪು ಎಣ್ಣೆ ಹೀರೋ ಕಡೆ. ಬಾವಿ ಮೋಟರಿಗೆ ನೀರು ಹೊರಗೆ ಬರೋ ಪೈಪಿನಲ್ಲಿ ಬಿಟ್ಟು, ನೀರು ಎಳೆಯೋ ಪೈಪಿನಲ್ಲಿ ವಾಲ್ವ್ ಹಾಕಿದ ಹಾಗೆ. ಎತ್ತೋ ಕೆಲಸ ಇಲ್ಲದಾಗ ಎಣ್ಣೆ ಒಳಗೇ ಬರಲ್ಲ, ಪಂಪು ಸುಮ್ಮನೆ ತಿರುಗ್ತಾ ಇರುತ್ತೆ, ಎಣ್ಣೆ ಬಿಸಿಯಾಗಲ್ಲ. ಎತ್ತಿದ ಎಣ್ಣೆ ಪಂಪಿನಿಂದ ಒಂದು ನಿಂತ ಪೈಪಿನ ಮೂಲಕ ಮೇಲಿನ ಸಿಲಿಂಡರಿಗೆ ಹೋಗಿ ಅಲ್ಲೇ ಉಳೀಬೇಕು. ಉಳೀತಿಲ್ಲ ಅಂದರೆ ಸೋರೋ ಜಾಗ ಮುಖ್ಯವಾಗಿ ನಾಲ್ಕು: ಸಿಲಿಂಡರಿನ ಪಿಸ್ಟನ್ ರಿಂಗು, ಆ ಪೈಪಿನ ರಬ್ಬರ್ ರಿಂಗು, ಒತ್ತಡ ಜಾಸ್ತಿಯಾದರೆ ಬಿಡೋ ಸೇಫ್ಟಿ ವಾಲ್ವ್, ಇಲ್ಲಾ ಕಂಟ್ರೋಲ್ ವಾಲ್ವ್.

ಐದನೇದು ಕಣ್ಣಿನಿಂದ ನೋಡೋದು. ಅಳತೆ ಕಡ್ಡಿ ಇರೋ ಬಲಗಡೆಯ ಮುಚ್ಚಳ ಬಿಚ್ಚಿದರೆ ಪಂಪು ಕಾಣುತ್ತೆ. ಇದನ್ನು ಮಾಡೋ ಮುಂಚೆ ಅಪ್ಪ ಹಾಕಿದ ನಿಯಮಗಳನ್ನು ದಯವಿಟ್ಟು ಓದಿ. ಪಿಟಿಒ ಶಾಫ್ಟ್ ಬಿಚ್ಚಿಡಬೇಕು. ಸ್ಲಾಷರಿನ ಕೆಳಗೆ ಒಂದು ಗೇಣು ಅಂತರ ಬಿಟ್ಟು ದಪ್ಪ ಮರದ ದಿಮ್ಮಿ ಇಡಬೇಕು, ಬಿದ್ದರೂ ಅಲ್ಲಿಗೇ ನಿಲ್ಲಬೇಕು. ಎತ್ತಿದ ಸಲಕರಣೆಯ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು. ಎಂಜಿನ್ ಓಡುವಾಗ ಮುಚ್ಚಳದ ಹತ್ತಿರ ಯಾರೂ ಇರಬಾರದು, ಒಳಗೆ ಶಾಫ್ಟ್ ತಿರುಗ್ತಿರುತ್ತೆ. ಒತ್ತಡದಲ್ಲಿ ಚಿಮ್ಮೋ ಎಣ್ಣೆಗೆ ಬೆರಳಿಟ್ಟು ನೋಡಬಾರದು, ಅದು ಚರ್ಮ ತೂತು ಮಾಡಿ ಒಳಗೆ ಹೋಗುತ್ತೆ. ಆಸ್ಟ್ರೇಲಿಯಾದ ಹೊಲಗಳಲ್ಲಿ ಹೆಚ್ಚು ಜೀವ ತೆಗೆಯೋ ಯಂತ್ರಗಳಲ್ಲಿ ಟ್ರ್ಯಾಕ್ಟರ್ ಒಂದು. ಭಾವ ಕೊಂಡ ಮೊದಲ ತಿಂಗಳೇ ಉರುಳಿದರೆ ಕಾಪಾಡೋ ಕಬ್ಬಿಣದ ಚೌಕಟ್ಟು ಹಾಕಿಸಿದ್ದನ್ನು ನೋಡಿ ಅಪ್ಪ ಮೆಚ್ಚಿದರು. ನಮ್ಮೂರಲ್ಲಿ ಅದನ್ನು ಹಾಕಿಸಿದವರನ್ನು ಅವರು ನೋಡಿಲ್ಲ.

ಸ್ವಲ್ಪ ಎಣ್ಣೆ ಇಳಿಸಿ, ಮುಚ್ಚಳ ತೆಗೆದು, ಎಲ್ಲರೂ ದೂರ ನಿಂತು, ಭಾವ ಲಿಫ್ಟ್ ಎತ್ತಿ ಎಂಜಿನ್ ಆಫ್ ಮಾಡಿದರು. ಅಪ್ಪನ ಒಂದು ಕಣ್ಣಿಗೆ ಪೊರೆ ಬಂದಿದೆ, ಬಗ್ಗೋಕೆ ಮಂಡಿ ಬಿಡಲ್ಲ. ಟಾರ್ಚ್ ಹಿಡಿದು ಒಳಗೆ ನೋಡಿದ್ದು ಅಕ್ಕನ ಮಗಳು.

"ಏನ್ ಕಾಣ್ತೈತೆ ಪುಟ್ಟಿ?"

"ಎಣ್ಣೆ ಬರ್ತಿದೆ ತಾತ."

"ಹೆಂಗೆ ಬರ್ತೈತೆ? ಒಸರ್ತೈತಾ, ತೊಟ್ಟಿಕ್ತೈತಾ, ಚಿಮ್ತೈತಾ?"

ಅವಳಿಗೆ ಮೂರೂ ಗೊತ್ತಿರಲಿಲ್ಲ. ಅಪ್ಪ ಅಲ್ಲೇ ಇದ್ದ ನೀರಿನ ಬಾಟಲಿ ತಗೊಂಡರು. ಮೊದಲು ಒದ್ದೆ ಬಟ್ಟೆ ಒತ್ತಿ ತೋರಿಸಿದರು, ಮೇಲೆಲ್ಲ ತೇವ, ಹನಿ ಬೀಳಲ್ಲ: ಒಸರೋದು. ಹೊಸ ಮಣ್ಣಿನ ಮಡಕೆ ಮಾಡೋದು ಅದನ್ನೇ. ಆಮೇಲೆ ಬಾಟಲಿ ಬಗ್ಗಿಸಿ ಒಂದೊಂದೇ ಹನಿ: ತೊಟ್ಟಿಕ್ಕೋದು. ಕೊನೆಗೆ ಬಾಟಲಿ ಹಿಂಡಿ ಭಾವನ ಶರ್ಟಿಗೆ: ಚಿಮ್ಮೋದು. ಎಲ್ಲರೂ ನಕ್ಕೆವು. ಲಿಫ್ಟನ್ನ ಮತ್ತೆ ಎತ್ತಿ, ಅವಳು ಮತ್ತೆ ನೋಡಿ ಹೇಳಿದಳು: "ಪೈಪಿನ ಕೆಳಗಡೆ, ಪಂಪಿಗೆ ಸೇರೋ ಕಡೆ, ಚಿಮ್ತಿದೆ ತಾತ. ಮೇಲಿಂದ ಸ್ವಲ್ಪ ತೊಟ್ಟಿಕ್ತಿದೆ."

ಅಪ್ಪನಿಗೆ ಅಷ್ಟು ಸಾಕಾಯ್ತು. ಚಿಮ್ಮೋದು ಪೈಪಿನ ರಬ್ಬರ್ ರಿಂಗಿನಿಂದ, ಅದು ಈಗಿನ ಕಾಯಿಲೆ. ಮೇಲಿಂದ ತೊಟ್ಟಿಕ್ಕೋದು ಪಿಸ್ಟನ್ ರಿಂಗಿನಿಂದ, ಅದು ವಯಸ್ಸು.

ಆಗ ಅವಳಿಗೆ ತನ್ನ ಮೆಸೇಜ್ ನೆನಪಾಯ್ತು. "ತಾತ, ನಿಲ್ಲಲ್ಲ ಅಂದ್ರೆ ಸ್ಟಾಪ್ ಆಗಲ್ಲ ಅಂತ ಅಲ್ವಾ?" ಅಂತ ಕೇಳಿದಳು. ನಾನು ಬಸ್ಸು, ಮಳೆ, ಕೆರೆ ನೀರು ಎಲ್ಲ ಹೇಳಿದೆ. ಅವಳು ಶೆಡ್ಡಿನಲ್ಲೇ ಕೂತು ವರ್ಕ್‌ಶಾಪಿಗೆ ಹೊಸದಾಗಿ ಬರೆದಳು: ಭಾರ ಹಾಕಿದರೂ ಏಳುತ್ತೆ, ಎಂಜಿನ್ ಆಫ್ ಮಾಡಿದರೆ ಹತ್ತು ನಿಮಿಷದಲ್ಲಿ ಕುಸಿಯುತ್ತೆ, ಪೈಪಿನ ಬುಡದಲ್ಲಿ ಚಿಮ್ಮುತ್ತೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಹಾಗಿದ್ದರೆ ಪಂಪ್ ಮುಟ್ಟಬೇಡಿ, ಸ್ಟ್ಯಾಂಡ್‌ಪೈಪಿನ ಓ-ರಿಂಗ್ ಹಾಕಿ ನೋಡಿ, ನಮ್ಮ ಹತ್ತಿರ ಇದೆ, ನಾಳೆ ಬಂದು ತಗೊಂಡು ಹೋಗಿ ಅಂತ. ಅಪ್ಪ ಹೇಳಿದ್ದನ್ನೇ ಅವರೂ ಹೇಳಿದರು. ಸರಿಯಾದ ಮಾತು ಅವರ ಹತ್ತಿರ ತಲುಪಿದ್ದು ಆಗ.

ಮಾರನೇ ದಿನ ಕೆಲಸಕ್ಕೆ ಹಿಡಿದದ್ದು ಒಂದು ಮಧ್ಯಾಹ್ನ. ತೋಳುಗಳನ್ನು ಪೂರ್ತಿ ಇಳಿಸಿ ಒತ್ತಡ ತೆಗೆದು, ಲಿಫ್ಟ್ ಕವರಿನ ಮೇಲಿರೋ ಸಣ್ಣ ಕ್ಯಾಪ್ ಬಿಚ್ಚಿದರೆ ಪೈಪು ಮೇಲಿನಿಂದಲೇ ಹೊರಗೆ ಬರುತ್ತೆ. ದೊಡ್ಡ ಕವರ್ ಎತ್ತೋ ಅಗತ್ಯವೇ ಬೀಳಲಿಲ್ಲ. ಹಳೇ ರಬ್ಬರ್ ರಿಂಗು ಗಟ್ಟಿಯಾಗಿ, ಚಪ್ಪಟೆಯಾಗಿ, ಒಂದು ಕಡೆ ತುಂಡಾಗಿತ್ತು. ಹೊಸದಕ್ಕೆ ಎಣ್ಣೆ ಸವರಿ ಕೂರಿಸಿ, ಪೈಪನ್ನು ಹೊಡೆಯದೆ ಅಂಗೈಯಿಂದ ಒತ್ತಿ ಇಳಿಸಿದೆವು. ನೀರು ಸೇರಿದ ಎಣ್ಣೆ ಪೂರ್ತಿ ಚೆಲ್ಲಿ, ಮ್ಯಾನ್ಯುಯಲ್ಲಿನಲ್ಲಿ ಹೇಳಿದ ಹೊಸ ಎಣ್ಣೆ ತುಂಬಿಸಿದೆವು. ಖರ್ಚಿನಲ್ಲಿ ಮುಕ್ಕಾಲು ಪಾಲು ಎಣ್ಣೆಗೇ ಹೋಯ್ತು. ರಿಂಗುಗಳಿಗೆ ಕೊಟ್ಟಿದ್ದು ಸರವಣ ಭವನದಲ್ಲಿ ಇಬ್ಬರು ಊಟ ಮಾಡೋದಕ್ಕಿಂತ ಕಮ್ಮಿ.

ಎಂಜಿನ್ ಹಾಕಿದಾಗ ಅಪ್ಪ ಕಣ್ಣು ಮುಚ್ಚಿ ಕೇಳಿದರು. ಆ 35ರಲ್ಲಿರೋದು ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್. "ನಮ್ದೇ ಸದ್ದು" ಅಂದರು. ರಾತ್ರಿ ಸ್ಲಾಷರನ್ನ ದಿಮ್ಮಿಗಳ ಮೇಲೆ ಒಂದು ಗೇಣು ಎತ್ತಿ ಬಿಟ್ಟು ಮಲಗಿದೆವು. ಬೆಳಿಗ್ಗೆ ನೋಡಿದರೆ ನಾಲ್ಕು ಬೆರಳು ಇಳಿದಿತ್ತು. ಭಾವನಿಗೆ ಬೇಜಾರಾಯ್ತು. ಅಪ್ಪ ಹೇಳಿದರು: "ಇಷ್ಟು ವಯಸ್ಸಿಗೆ ಇಷ್ಟು ಇಳೀಲೇಬೇಕು ಅಳಿಯಂದ್ರೇ. ಪಿಸ್ಟನ್ ರಿಂಗು ಮುಂದಿನ ಚಳಿಗಾಲಕ್ಕೆ ನೋಡ್ಕೊಳಿ. ಈಗ ಹುಲ್ಲು ಹೊಡೀರಿ." ಸೆಪ್ಟೆಂಬರ್ 30ಕ್ಕೆ ಮನೆ ಸುತ್ತಲಿನ ಹುಲ್ಲು ಪೂರ್ತಿ ಕತ್ತರಿಸಿ ಆಯ್ತು. ಕೊನೆಯ ಎರಡು ಸಾಲು ಅಪ್ಪನೇ ಹೊಡೆದರು. ಸೀಟಿಗೆ ಹತ್ತೋಕೆ ನಾವಿಬ್ಬರು ಕೈ ಕೊಡಬೇಕಾಯ್ತು, ಇಳಿಯೋಕೆ ಅವರು ಬಹಳ ಹೊತ್ತು ಒಪ್ಪಲಿಲ್ಲ.

ನಿಮಗೆ ಒಂದೇ ಸಲಹೆ. ಅಪ್ಪ, ಅಮ್ಮ, ತಾತ, ಅಜ್ಜಿ ಮೈ ನೋವಿನ ಬಗ್ಗೆಯೋ, ಮಿಕ್ಸಿಯ ಬಗ್ಗೆಯೋ, ಗಾಡಿಯ ಬಗ್ಗೆಯೋ ಏನಾದರೂ ಹೇಳಿ, ಅದನ್ನು ನೀವು ಡಾಕ್ಟರಿಗೋ ಮೆಕ್ಯಾನಿಕ್ಕಿಗೋ ಇಂಗ್ಲಿಷಿನಲ್ಲಿ ಹೇಳಬೇಕಾದಾಗ, ಗೊತ್ತಿರೋ ಮೊದಲ ಪದಕ್ಕೆ ಕೈ ಹಾಕಬೇಡಿ. "ಹಂಗಂದ್ರೆ ಹೆಂಗೆ, ಮಾಡಿ ತೋರಿಸಿ" ಅಂತ ಕೇಳಿ. ಎದೆ ಉರಿಯೋದು, ಎದೆ ಹಿಡಿಯೋದು, ಎದೆ ಹೊಡ್ಕೊಳ್ಳೋದು ಮೂರೂ ಬೇರೆ ಬೇರೆ ಕಾಯಿಲೆ. ಮೂರನ್ನೂ ಬರೀ "ಎದೆ ನೋವು" ಅಂತ ದಾಟಿಸಿದರೆ ಡಾಕ್ಟರಿಗೆ ತಲುಪೋದು ಅರ್ಧ ಸುದ್ದಿ.

ಅಪ್ಪ ಅಕ್ಟೋಬರ್ ಕೊನೆಗೆ ಊರಿಗೆ ಹೋದರು. ಈಗ ತಿಂಗಳಿಗೊಮ್ಮೆ ಅಕ್ಕನ ಮಗಳು ಸ್ಲಾಷರನ್ನ ರಾತ್ರಿ ಎತ್ತಿಟ್ಟು, ಬೆಳಿಗ್ಗೆ ಸ್ಕೇಲ್ ಹಿಡಿದು ಎಷ್ಟು ಇಳಿದಿದೆ ಅಂತ ಅಳೆದು, ಕನ್ನಡದಲ್ಲಿ ವಾಯ್ಸ್ ಮೆಸೇಜ್ ಕಳಿಸ್ತಾಳೆ. ನಾನು ಆ ಸಂಖ್ಯೆಗಳನ್ನು ಒಂದು ಗ್ರಾಫಿನಲ್ಲಿ ಹಾಕಿಡ್ತಿದ್ದೀನಿ. ಇದುವರೆಗೆ ಐದು ಚುಕ್ಕಿ. ಸೆಕೆ ಜಾಸ್ತಿ ಇದ್ದ ರಾತ್ರಿ ಎಣ್ಣೆ ತೆಳುವಾಗಿ ಕುಸಿತ ಒಂದು ಬೆರಳು ಜಾಸ್ತಿ. ಹೋದ ತಿಂಗಳು ಅವಳು "ತಾತ, ಈ ಸಲ ತೊಟ್ಟಿಕ್ತಿಲ್ಲ, ಬರೀ ಒಸರ್ತಿದೆ" ಅಂತ ಕಳಿಸಿದ್ದಳು. ತುರುವೇಕೆರೆಯಿಂದ ಐದೇ ನಿಮಿಷದಲ್ಲಿ ಉತ್ತರ ಬಂತು: "ಹಂಗಾರೆ ಗೇರ್ ಲಿವರ್ ಬುಡದ ರಬ್ಬರ್ ಹಾಕ್ಸಿದ್ರಾ ಅಂತ ನಿಮ್ಮಪ್ಪನ್ನ ಕೇಳು."